ಮುಖದ ರಿಯಾಯಿತಿ

ನಮ್ಮ ಸೊಸೆಗೆ ವಿಮಾನ ಹಿಡಿಯುವುದೆಂದರೆ ಅರ್ಧ ದಿನದ ಕೆಲಸ. ದ್ವಾರಕಾದ ನಮ್ಮ ಮನೆಗೆ ವಿಮಾನ ನಿಲ್ದಾಣ ಹತ್ತಿರ. ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವಾಗ ತಲೆಯ ಮೇಲೆ ಹೋಗುವ ವಿಮಾನದ ಚಕ್ರಗಳು ಕಾಣುತ್ತವೆ. ಆದರೂ ಅವಳು ಉಳಿದವರು ಹೊರಡುವ ಹೊತ್ತಿಗಿಂತ ಎಷ್ಟೋ ಮೊದಲೇ ಚೀಲ ಹೆಗಲಿಗೇರಿಸಿ ಬಾಗಿಲಲ್ಲಿ ನಿಂತಿರುತ್ತಾಳೆ. "ವಿಮಾನದ ಕಸಾ ಹೊಡಿಯೋ ಪಾಳಿ ಇವತ್ತು ನಿಂದೇನವಾ?" ಎಂದು ನಮ್ಮ ಯಜಮಾನರು ಚೇಷ್ಟೆ ಮಾಡುತ್ತಿದ್ದರು. ನಾನೂ ನಗುತ್ತಿದ್ದೆ. ಅವಳೂ ನಗುತ್ತಿದ್ದಳು, ಕಾರಣ ಮಾತ್ರ ಹೇಳುತ್ತಿರಲಿಲ್ಲ. ಆ ಕಾರಣ ನನಗೆ ತಿಳಿದದ್ದು ಅವಳ ಚೊಚ್ಚಲ ಬಸಿರಿನಲ್ಲಿ, ಕೊಬ್ಬರಿ ಬಟ್ಟಲುಗಳ ದೆಸೆಯಿಂದ.

ಸೊಸೆ ಮಿಜೋರಾಮಿನವಳು, ಐಜ್ವಾಲ್ ಅವಳ ತವರು. ಹೌಜ್ ಖಾಸ್ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನಲ್ಲಿ ನನ್ನ ಮಗನ ಜೊತೆ ಓದಿದಳು, ಅವನನ್ನೇ ಮದುವೆಯಾದಳು. ಇಬ್ಬರೂ ಗುರುಗ್ರಾಮಕ್ಕೆ ಕೆಲಸಕ್ಕೆ ಹೋಗುತ್ತಾರೆ, ನಮ್ಮ ಜೊತೆಗೇ ಇರುತ್ತಾರೆ. ಕನ್ನಡವನ್ನು ಅವಳು ನನ್ನ ಅಡುಗೆಮನೆಯಲ್ಲಿ ಕಲಿತಳು. ಹಾಗಾಗಿ ಅವಳದು ನನ್ನ ಧಾರವಾಡದ ಕನ್ನಡ, ನಡುನಡುವೆ ಒಂದು ಅಚ್ಛಾ, ಒಂದು ಚಲೋ. ದೆಹಲಿಯಲ್ಲೇ ಹುಟ್ಟಿ ಬೆಳೆದ ನನ್ನ ಮಗ ಕನ್ನಡದಲ್ಲಿ ಶುರುಮಾಡಿದ ವಾಕ್ಯವನ್ನು ಇಂಗ್ಲಿಷಿನಲ್ಲಿ ಮುಗಿಸುತ್ತಾನೆ. ಅವಳು ಮುಗಿಸುವುದೂ ಕನ್ನಡದಲ್ಲೇ. ನನ್ನನ್ನು ಅತ್ಯಾ ಎನ್ನುತ್ತಾಳೆ.

ನಾನು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಗುಮಾಸ್ತಳಾಗಿ ಸೇರಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ಹಣೆಗೆ ಕುಂಕುಮ, ಮೈಮೇಲೆ ಇಳಕಲ್ ಸೀರೆ, ನರೆತ ತುರುಬು. ಈ ವೇಷಕ್ಕೆ ಈ ಊರಿನಲ್ಲಿ ಎಷ್ಟು ಬೆಲೆ ಇದೆ ಎಂಬುದು ಸೊಸೆ ಬರುವವರೆಗೆ ನನಗೆ ಗೊತ್ತಿರಲಿಲ್ಲ. ಒಮ್ಮೆ ಏನೋ ಯೋಚನೆಯಲ್ಲಿ ನಮ್ಮ ಸೊಸೈಟಿ ಬಿಟ್ಟು ಪಕ್ಕದ ಸೊಸೈಟಿಯ ಗೇಟಿಗೆ ನುಗ್ಗಿದ್ದೆ. ಕಾವಲಿನವನು ಸಲಾಮು ಹೊಡೆದು ಒಳಗೆ ಬಿಟ್ಟ. ಸೊಸೆಯನ್ನು ನಮ್ಮ ಸೊಸೈಟಿಯ ಗೇಟಿನಲ್ಲೇ, ನಮ್ಮದೇ ಕಾವಲಿನವನು, "ಯಾರ ಮನೆಗೆ ಹೋಗಬೇಕು?" ಎಂದು ತಡೆಯುತ್ತಾನೆ. ವಾರದ ಸಂತೆಯಲ್ಲಿ ತರಕಾರಿ ಭಯ್ಯಾ ನನ್ನ ಮನೆಮಂದಿಯ ಸುದ್ದಿ ಕೇಳುತ್ತಾನೆ, ಅವಳನ್ನು ಯಾವ ದೇಶ ಎಂದು ಕೇಳುತ್ತಾನೆ. ಇವೆಲ್ಲ ಸಣ್ಣ ವಿಷಯ ಎನ್ನುವವರಿದ್ದಾರೆ. ಸಣ್ಣದೇ ಇರಬಹುದು, ಕಾಲಲ್ಲಿ ಮುರಿದ ಮುಳ್ಳೂ ಸಣ್ಣದೇ.

ಏಳು ತಿಂಗಳಿಗೆ ಮನೆಯಲ್ಲೇ ಕುಬಸ ಮಾಡಿದೆ. ಬಸುರಿಯನ್ನು ಹಸೆಯ ಮೇಲೆ ಕೂರಿಸಿ ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ: ಅಕ್ಕಿ, ಬೆಲ್ಲ, ಉತ್ತುತ್ತಿ, ಅಡಿಕೆ, ಅರಿಶಿಣದ ಕೊಂಬು, ರವಿಕೆಯ ಒಂದು ಖಣ, ಎಲ್ಲಕ್ಕಿಂತ ಮುಖ್ಯವಾಗಿ ಒಣಕೊಬ್ಬರಿಯ ಬಟ್ಟಲು. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂಬುದು ನಮ್ಮಲ್ಲೂ ಉಂಟು, ಅವಳ ಆಸೆಯೂ ಅದೇ ಆಗಿತ್ತು. "ನಮ್ಮ ಅಮ್ಮನ ಕೈಯಾಗ ಹಡೀಬೇಕು ಅತ್ಯಾ" ಎಂದಿದ್ದಳು. ಇದೇ ವಾರ ಹೊರಟರೆ ಸರಿ, ಆಮೇಲೆ ವಿಮಾನ ಹತ್ತುವಂತಿಲ್ಲ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮಗನಿಗೆ ರಜೆ ಸಿಕ್ಕಲಿಲ್ಲ. ಅವಳನ್ನು ತವರಿಗೆ ಮುಟ್ಟಿಸುವ ಕೆಲಸ ನನ್ನ ಪಾಲಿಗೆ ಬಂತು.

ಉಡಿಯನ್ನು ಹೇಗೆ ಒಯ್ಯುವುದು? ಮಗ ಎಲ್ಲವನ್ನೂ ದೊಡ್ಡ ಪೆಟ್ಟಿಗೆಗೆ ತುಂಬಲು ಹೊರಟಾಗ ನಾನು ಬೈದೆ. ಉಡಿ ಅಂದರೆ ಮಡಿಲಲ್ಲಿ ಇರಬೇಕಾದದ್ದು. ಅದನ್ನು ಚಪ್ಪಲಿ, ಬೂಟಿನ ಜೊತೆ ವಿಮಾನದ ಹೊಟ್ಟೆಗೆ ಎಸೆದು, ಅದರ ಮೇಲೆ ನಾವು ಕಾಲಿಟ್ಟು ಕೂರುವುದೇ? ಅವಳ ಉಡಿಯನ್ನು ಅವಳ ಕೈಚೀಲಕ್ಕೆ ಕಟ್ಟಿಕೊಟ್ಟೆ. ಬೀಗತಿಗೂ ಉಡಿ ತುಂಬಬೇಕಲ್ಲ, ಅದನ್ನು ನನ್ನ ಕೈಚೀಲದಲ್ಲಿ ಇಟ್ಟುಕೊಂಡೆ. ಎರಡರಲ್ಲೂ ಅದೇ ಅಕ್ಕಿ, ಅದೇ ಖಣ, ಅದೇ ಅಂಗಡಿಯ ಅದೇ ಕೊಬ್ಬರಿ. ಒಣಕೊಬ್ಬರಿಯಲ್ಲಿ ಎಣ್ಣೆ ಇರುವುದರಿಂದ ಬೆಂಕಿ ಹತ್ತುತ್ತದೆ, ಅದನ್ನು ವಿಮಾನದಲ್ಲಿ ಒಯ್ಯಬಾರದು ಎಂಬ ನಿಯಮ ನನ್ನ ಕಿವಿಗೆ ಬಿದ್ದಿರಲಿಲ್ಲ. ದಿನಾ ಚಟ್ನಿಪುಡಿಗೆ ಹಾಕುವ ವಸ್ತು ಎಂದರೆ ಯಾರಿಗೆ ತಾನೆ ಅನುಮಾನ ಬರುತ್ತದೆ?

ಅವತ್ತೂ ಅವಳು ನಮ್ಮನ್ನೆಲ್ಲ ಗಡಿಬಿಡಿ ಮಾಡಿ ಬೇಗ ಹೊರಡಿಸಿದಳು. ಮಗ ನಿಲ್ದಾಣದ ಹೊರಗಿನಿಂದಲೇ ಬೀಳ್ಕೊಟ್ಟ. ಮಹಿಳೆಯರ ತಪಾಸಣೆಯ ಸಾಲಿನಲ್ಲಿ ನಾನು ಮುಂದೆ, ಅವಳು ಹಿಂದೆ. ನನ್ನ ಚೀಲ ಯಂತ್ರದೊಳಗೆ ಹೋಯಿತು. ಮಾನಿಟರಿನ ಮುಂದೆ ಕೂತಿದ್ದವನು ಏನನ್ನೋ ಕಂಡು ಚೀಲ ಸಾಗಿಸುವ ಪಟ್ಟಿ ನಿಲ್ಲಿಸಿದ, ಕತ್ತೆತ್ತಿ ನನ್ನ ಕುಂಕುಮ ನೋಡಿದ.

"ಪೂಜಾ ಕಾ ನಾರಿಯಲ್ ಹೈ ಕ್ಯಾ, ಮಾತಾಜಿ?"

ಹೌದು, ಪೂಜೆಯ ಕಾಯಿಯೇ ಎಂಬಂತೆ ತಲೆಯಾಡಿಸಿದೆ. ಪಟ್ಟಿ ಮತ್ತೆ ಹೊರಳಿತು, ನನ್ನ ಚೀಲ ನನ್ನ ಕೈಗೆ ಬಂತು. ಅದರ ಹಿಂದೆಯೇ ಬಂದ ಸೊಸೆಯ ಚೀಲ ಪಕ್ಕದ ಸ್ಟೀಲ್ ಮೇಜಿಗೆ ಸರಿಯಿತು.

ಮೊದಲು ನನಗೆ ಏನೂ ಅನ್ನಿಸಲಿಲ್ಲ. ಚೀಲ ತೆಗೆದರು, ಖಣದ ಗಂಟು ಬಿಚ್ಚಿದರು. ಸಿಬ್ಬಂದಿಯ ಹೆಂಗಸೊಬ್ಬಳು ಕೊಬ್ಬರಿ ಬಟ್ಟಲನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದಕ್ಕೆ ಬೆಂಕಿ ಹತ್ತುತ್ತದೆ, ಇದನ್ನು ಯಾಕೆ ಒಯ್ಯುತ್ತಿದ್ದೀ ಎಂದು ಸೊಸೆಯನ್ನು ಕೇಳಿದಳು. ಸೊಸೆ ವಿವರಿಸಿದಳು. ಎಲ್ಲಿಂದ ಬಂದೆ? ದ್ವಾರಕಾದಿಂದ. ಅದಲ್ಲ, ಅದಕ್ಕೂ ಮೊದಲು? ಐಜ್ವಾಲ್. ಅದು ಎಲ್ಲಿದೆ? ಇಂಡಿಯನ್ನಾ? ಸೊಸೆ ಕತ್ತಿನಲ್ಲಿ ನೇತಾಡುತ್ತಿದ್ದ ಸಣ್ಣ ಚೀಲದಿಂದ ಆಧಾರ್ ತೆಗೆದಳು. ಕೇಳುವ ಮೊದಲೇ ಪಾಸ್‌ಪೋರ್ಟನ್ನೂ ತೆಗೆದಳು. ಐಜ್ವಾಲಿಗೆ ಹೋಗಲು ಪಾಸ್‌ಪೋರ್ಟ್ ಯಾಕೆ ಎಂದು ಮನೆಯಲ್ಲಿ ನಾನೇ ಕೇಳಿದ್ದೆ, "ಇರ್ಲಿ ಬಿಡ್ರಿ" ಎಂದಿದ್ದಳು. ಮೊಬೈಲ್ ತೆರೆದು ಮದುವೆಯ ಫೋಟೋ ತೋರಿಸಿದಳು. ಆಮೇಲೆ ಅವಳನ್ನು ಬಟ್ಟೆಯ ಪರದೆಯ ಹಿಂದೆ ಕರೆದೊಯ್ದರು. ಬಹಳ ಹೊತ್ತು ಬಿಡಲಿಲ್ಲ. ಹೊರಬಂದಾಗ ಅವಳು ಹೊಟ್ಟೆಯ ಮೇಲೆ ಕೈ ಇಟ್ಟುಕೊಂಡಿದ್ದಳು.

"ಏನಂದ್ರು?" ಎಂದೆ.

"ಹೊಟ್ಟಿ ಖರೇನೇ ಅದ ಏನು ಅಂತ ನೋಡಿದ್ರು."

"ಒತ್ತಿದ್ರೇನು?"

"ಬಿಡ್ರಿ ಅತ್ಯಾ, ನನಗ ರೂಢಿ ಆಗ್ಯದ."

ಆ ಮಾತಿಗೆ ನನ್ನ ಮೈಯೆಲ್ಲ ಉರಿದುಹೋಯಿತು. ಒತ್ತಿದ್ದಕ್ಕಿಂತ ಹೆಚ್ಚಾಗಿ ಆ ರೂಢಿಗೆ. ಬೇಗ ಹೊರಡುವುದು, ಕತ್ತಿಗೆ ಕಾಗದಗಳನ್ನು ನೇತುಹಾಕಿಕೊಳ್ಳುವುದು, ಕೇಳುವ ಮೊದಲೇ ಫೋಟೋ ತೆರೆಯುವುದು, ಎಲ್ಲ ನನಗೆ ಒಂದೇ ಏಟಿಗೆ ಅರ್ಥವಾಯಿತು. ಉಳಿದವರು ಮನೆಯಲ್ಲಿ ಚಹಾ ಕುಡಿಯುವ ಹೊತ್ತನ್ನು ನನ್ನ ಸೊಸೆ ತನ್ನ ಮುಖಕ್ಕೆ ಸುಂಕವಾಗಿ ಕಟ್ಟುತ್ತ ಬಂದಿದ್ದಳು. ನಾವು ಅದಕ್ಕೆ ಕಸ ಹೊಡೆಯುವ ಪಾಳಿ ಎಂದು ಹೆಸರಿಟ್ಟು ನಗುತ್ತಿದ್ದೆವು.

ನನ್ನ ಚೀಲವನ್ನು ಆ ಸ್ಟೀಲ್ ಮೇಜಿನ ಮೇಲೆ ಧೊಪ್ಪನೆ ಇಟ್ಟೆ. "ಇದರಲ್ಲೂ ಅದೇ ಇದೆ, ತೆಗೆಯಿರಿ" ಎಂದು ನನ್ನ ಧಾರವಾಡದ ಹಿಂದಿಯಲ್ಲಿ ಹೇಳಿದೆ.

ಹೆಂಗಸು ನಕ್ಕಳು. ನಿಮ್ಮದು ಆಯಿತಲ್ಲ ಮಾತಾಜಿ, ಹೋಗಿ ಎಂದಳು.

"ಆಗಿಲ್ಲ. ಅವಳ ಕೊಬ್ಬರಿಗೆ ಬೆಂಕಿ ಹತ್ತುವುದಾದರೆ ನನ್ನದಕ್ಕೂ ಹತ್ತುತ್ತದೆ. ತೆಗೆಯಿರಿ."

ಹಿಂದೆ ಸಾಲು ಗೊಣಗತೊಡಗಿತು. ಮೇಲಿನ ಅಧಿಕಾರಿಯೊಬ್ಬ ಬಂದ. ಎಳೆಯ ವಯಸ್ಸು, ಒಳ್ಳೆಯ ಮಾತು. "ನೀವು ನನ್ನ ತಾಯಿಯ ಸಮಾನ, ಮೇಡಂ. ನಮಗೆ ತರಬೇತಿ ಇದೆ, ಅನುಭವ ಇದೆ. ಯಾರನ್ನು ಹೆಚ್ಚು ನೋಡಬೇಕು, ಯಾರನ್ನು ಬಿಡಬೇಕು ಎಂದು ಗೊತ್ತಾಗುತ್ತದೆ. ಇದೆಲ್ಲ ನಿಮ್ಮ ಸುರಕ್ಷತೆಗೇ" ಎಂದ.

ಆಗ ವಿಮಾನ ಹತ್ತಲು ಕರೆಯುವ ದನಿ ಕೇಳಿಸಿತು. ಯಾವ ವಿಮಾನವೋ ತಿಳಿಯಲಿಲ್ಲ, ನಮ್ಮದೇ ಇರಬಹುದು ಎನ್ನಿಸಿತು. ಇದು ತಪ್ಪಿದರೆ ನಾನು ಸುಮ್ಮನೆ ಮನೆಗೆ ಹೋಗಿ ಮಲಗಬಹುದು. ಅವಳು ತವರು ಕಾಣದೆ ಇಲ್ಲಿಯೇ ಹಡೆಯಬೇಕು. ಜಗಳ ನನ್ನದು, ದಂಡ ಅವಳದು. ಹಾಗಾದರೆ ಜಗಳಾಡಲು ನನಗೇನು ಹಕ್ಕು? ನಾನು ಚೀಲಕ್ಕೆ ಕೈ ಹಾಕಿ, ಹೋಗೋಣವೇ ಎಂಬಂತೆ ಅವಳ ಮುಖ ನೋಡಿದೆ.

ಅವಳು ಮೊಣಕೈ ಹಿಡಿದು ನನ್ನನ್ನು ಎಳೆಯುತ್ತಾಳೆ ಎಂದುಕೊಂಡಿದ್ದೆ. ಎಳೆಯಲಿಲ್ಲ. ಪಕ್ಕದಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ತಾನೇ ಸರಿಸಿಕೊಂಡು, ಹೊಟ್ಟೆ ಹಿಡಿದುಕೊಂಡು ನಿಧಾನವಾಗಿ ಕೂತಳು.

"ಟೈಮ್ ಅದರೀ ಅತ್ಯಾ. ಬೇಗ ಬಂದೀವಲ್ಲ. ನೀವು ಮಾತಾಡ್ರಿ."

ಮಾತಾಡಿದೆ. ಕಚೇರಿಯಲ್ಲಿ ನಾನು ಸಿಬ್ಬಂದಿಯ ವೈದ್ಯಕೀಯ ಬಿಲ್ಲುಗಳನ್ನು ನೋಡುತ್ತಿದ್ದವಳು. ಕಾರ್ಯದರ್ಶಿಯ ಬಿಲ್ಲಾಗಲಿ, ಪ್ಯೂನನ ಬಿಲ್ಲಾಗಲಿ ತಪಾಸಣೆ ಒಂದೇ. ಅನುಮಾನ ಬಂದರೆ ಕಾಗದದ ಮೇಲೆ ಬರಬೇಕು, ಮುಖದ ಮೇಲಲ್ಲ. ಅದನ್ನೇ ಆ ಅಧಿಕಾರಿಗೆ ಹೇಳಿದೆ. "ತಪಾಸಣೆ ಬೇಡ ಎನ್ನುತ್ತಿಲ್ಲ ಬೇಟಾ. ಕೊಬ್ಬರಿ ತಂದದ್ದು ನಮ್ಮ ತಪ್ಪು, ಎತ್ತಿಡು. ಆದರೆ ಒಂದೇ ಅಂಗಡಿಯ ಕೊಬ್ಬರಿ ಇವಳ ಚೀಲದಲ್ಲಿ ಅಪಾಯ, ನನ್ನ ಚೀಲದಲ್ಲಿ ಪೂಜೆ ಹೇಗಾಯಿತು? ಬೆಂಕಿ ಮುಖ ನೋಡಿ ಹತ್ತುತ್ತದೆಯೇ? ನಿನ್ನ ಅನುಭವ ಬೆಂಕಿ ಹತ್ತುವ ವಸ್ತುವನ್ನು ಈಗಷ್ಟೇ ನನ್ನ ಕೈಗೆ ಕೊಟ್ಟು ಕಳಿಸಿತು. ಯಾರ ಸುರಕ್ಷತೆ ಇದು?"

ಅವನು ನಕ್ಕು, ಮಾತಾಜಿಯ ಚೀಲವನ್ನೂ ನೋಡಿಬಿಡಿ ಎಂದು ಆ ಹೆಂಗಸಿಗೆ ಕೈಸನ್ನೆ ಮಾಡಿದ. ಗಂಟು ಬಿಚ್ಚಿದರು, ಬೀಗತಿಯ ಕೊಬ್ಬರಿ ಸೊಸೆಯ ಕೊಬ್ಬರಿಯ ಜೊತೆ ನೀಲಿ ಡಬ್ಬಿಗೆ ಬಿತ್ತು. ಪರದೆಯ ಹಿಂದೆ ನನ್ನನ್ನೂ ಕರೆದೊಯ್ಯಿರಿ ಎಂದೆ. ಕರೆದೊಯ್ದ ಹೆಂಗಸು ಸೆರಗಿನ ತುದಿಯನ್ನು ಮುಟ್ಟಿದಂತೆ ಮಾಡಿ, "ಆಯಿತು, ನಡೆಯಿರಿ" ಎಂದಳು. ಅವಳಿಗೆ ಬೇಸರವೇನೂ ಆಗಿರಲಿಲ್ಲ, ಹಟಮಾರಿ ಅಜ್ಜಿಯನ್ನು ರಮಿಸಿದಷ್ಟೇ ಸಲೀಸು.

ವಿಮಾನದಲ್ಲಿ ಸೊಸೆ ಕೊಬ್ಬರಿಯಿಲ್ಲದ ಉಡಿಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ನನಗೆ ಗೆದ್ದೆನೆಂಬ ಹುಮ್ಮಸ್ಸು. "ಬೆಂಕಿ ಮುಖ ನೋಡಿ ಹತ್ತೂದೇನು!" ಎಂದು ನನ್ನ ಮಾತನ್ನೇ ಕನ್ನಡದಲ್ಲಿ ಆಡಿ ತೋರಿಸಿ ಅವಳು ಜೋರಾಗಿ ನಕ್ಕಳು, ಅಕ್ಕಪಕ್ಕದವರು ತಿರುಗಿ ನೋಡಿದರು. ನಗು ನಿಂತಮೇಲೆ ಮೆಲ್ಲಗೆ ಹೇಳಿದಳು.

"ಖರೆ ಹೇಳ್ಲಿ ಅತ್ಯಾ? ಇದs ಮಾತು ನಾ ಅಂದಿದ್ರ ಒಳಗಿನ ರೂಮಿಗೆ ಕರಕೊಂಡು ಹೋಗ್ತಿದ್ರು. ನಿಮಗ ಸಿಟ್ಟು ಮಾಡಲಿಕ್ಕೂ ಪರ್ಮಿಶನ್ ಅದ."

ಗೆಲುವೆಲ್ಲ ಅಲ್ಲೇ ಇಳಿದುಹೋಯಿತು. ನನ್ನ ಚೀಲಕ್ಕೆ ಮಾತ್ರ ರಿಯಾಯಿತಿ ಎಂದುಕೊಂಡಿದ್ದೆ, ನನ್ನ ಕೋಪಕ್ಕೂ ಇತ್ತು. ಬೇಡವೆಂದು ಕೂಗಾಡಿದರೂ ನನ್ನ ಮುಖ ಅದನ್ನು ದಕ್ಕಿಸಿಕೊಟ್ಟಿತ್ತು.

ಸೊಸೆಯನ್ನು ಬಿಟ್ಟು ಹಿಂದಿರುಗಿದ ಮೇಲೆ ಈ ಸಂಗತಿಯನ್ನು ಯಜಮಾನರಿಗೆ ಹೇಳಿದೆ. ಅವರೂ ನಿವೃತ್ತ ಸರ್ಕಾರಿ ಅಧಿಕಾರಿಯೇ, ವ್ಯವಸ್ಥೆಯ ಪರ ವಹಿಸುವುದು ಅವರಿಗೆ ಊಟ ಮಾಡಿದಷ್ಟು ಸಹಜ. ಪೇಪರಿನ ಹಿಂದಿನಿಂದಲೇ ಹೇಳಿದರು: "ಎಲ್ಲಾರನ್ನೂ ಅಷ್ಟು ನೋಡಿಕೋತ ಕೂತ್ರ ವಿಮಾನ ಹಾರೂದು ಯಾವಾಗ? ಗಡಿಯಿಂದ ಯಾರ್ಯಾರೋ ಬರ್ತಾರ. ಒಂದಿಷ್ಟು ಅಂದಾಜು ಮಾಡಲೇಬೇಕು. ನಾಕು ನಿಮಿಷದ ತ್ರಾಸು, ಅದರಾಗೇನು ಮಾನ ಹೋತು?"

"ಆ ನಾಕು ನಿಮಿಷ ನಿಮ್ಮ ಪಾಲಿಗೆ ಬಂದದ ಏನು?"

"ಬಂದ್ರ ಕೊಡ್ತೀನಿ."

"ಬರಂಗಿಲ್ಲ, ಅದಕ್ಕs ಧೈರ್ಯಲೆ ಅಂತೀರಿ. ಊರ ಮಂದಿ ಸುರಕ್ಷತಾದ ಖರ್ಚು ಒಂದs ನಮೂನಿ ಮುಖದವರ ಕಡಿಂದ ವಸೂಲಿ ಮಾಡೂದಕ್ಕ ಅಂದಾಜು ಅನ್ನಬ್ಯಾಡ್ರಿ. ಎಲ್ಲಾರನ್ನೂ ನೋಡಲಿ. ಇಲ್ಲಾ, ಕಣ್ಣು ಮುಚ್ಚಿ ಚೀಟಿ ಎತ್ತಿ, ಬಂದವರನ್ನ ನೋಡಲಿ. ನಾನೂ ಬೇಗ ಎದ್ದು ಹೋಗ್ತೀನಿ."

ಅವರು ಪೇಪರ್ ಮಡಚಿ ಎದ್ದರು. ನಮ್ಮ ಮನೆಯಲ್ಲಿ ಅದು ಒಪ್ಪಿಗೆಯಲ್ಲ, ವಾದವನ್ನು ಮುಂದೂಡುವ ಕ್ರಮ. ನಾನು ಈಗಲೂ ಬಿಟ್ಟಿಲ್ಲ. ಅವರು ನನ್ನನ್ನು ಜಗಳಗಂಟಿ ಎನ್ನುತ್ತಾರೆ. ಎನ್ನಲಿ.

ಐಜ್ವಾಲಿನಲ್ಲಿ ಹೆಣ್ಣುಮಗು ಹುಟ್ಟಿತು. ಮೂಗು, ಕೆನ್ನೆ, ಕಣ್ಣು ಎಲ್ಲ ತಾಯಿಯದೇ. ಹಟ ಮಾತ್ರ ನನ್ನದು ಎನ್ನುತ್ತಾರೆ. ಮಗು ಕೂರುವಂತಾಗಿ ತಾಯಿ-ಮಗಳು ದೆಹಲಿಗೆ ಬಂದ ಮೇಲೆ ಜವಳ ತೆಗೆಸಲು ಊರಿನ ಮನೆದೇವರಿಗೆ ಹೋಗಬೇಕೆಂದು ನಿಶ್ಚಯವಾಯಿತು. ದೆಹಲಿಯಿಂದ ಹುಬ್ಬಳ್ಳಿಗೆ ವಿಮಾನ. ಈ ಸಲ ಕೊಬ್ಬರಿ ಕಟ್ಟಲಿಲ್ಲ, ಹುಬ್ಬಳ್ಳಿಯಲ್ಲೇ ಕೊಂಡರಾಯಿತು. ಈ ಸಲ ಎಲ್ಲರಿಗಿಂತ ಮೊದಲು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತವಳು ನಾನು. ಯಜಮಾನರು ಬಾಯಿ ತೆರೆದರು, ನನ್ನ ಮುಖ ನೋಡಿ ಮುಚ್ಚಿಕೊಂಡರು.

ಗಂಡಸರು ತಮ್ಮ ಸಾಲಿಗೆ ಹೋದರು. ಹೆಂಗಸರ ಸಾಲಿನಲ್ಲಿ ಸೊಸೆ ಮುಂದಿದ್ದಳು, ಎಂದಿನಂತೆ ಆಧಾರ್, ಪಾಸ್‌ಪೋರ್ಟ್ ಕೊಟ್ಟು, ಎಂದಿನ ಪ್ರಶ್ನೆಗಳಿಗೆ ಉತ್ತರ ಹೇಳಿ ಆಚೆ ದಾಟಿದ್ದಳು. ಅವಳ ಹಿಂದೆ ನನ್ನದೇ ವಯಸ್ಸಿನ ಅಜ್ಜಿಯೊಬ್ಬರು, ಕಂಕುಳಲ್ಲಿ ದುಂಡನೆಯ ಮೊಮ್ಮಗ. ಸಿಬ್ಬಂದಿಯ ಹುಡುಗಿ ಆ ಕೂಸಿನ ಗಲ್ಲ ಹಿಂಡಿ ನಕ್ಕು ಕಳಿಸಿದಳು. ಆಮೇಲೆ ನನ್ನ ಸರದಿ. ಮಗು ನನ್ನ ಹೆಗಲಿಗೆ ಮುಖ ಹುದುಗಿಸಿ ನಿದ್ದೆ ಮಾಡುತ್ತಿತ್ತು.

"ಆಯಿಯೇ, ಮಾತಾಜಿ," ಎಂದು ಅದೇ ನಗು ನನಗೂ ಬಂತು.

ಆಗ ಮಗು ಎದ್ದು ತಲೆಯೆತ್ತಿ ಅವಳನ್ನು ನೋಡಿತು. ಹುಡುಗಿ ಮಗುವಿನ ಮುಖ ನೋಡಿದಳು, ನನ್ನ ಕುಂಕುಮ ನೋಡಿದಳು, ಮತ್ತೆ ಮಗುವನ್ನು ನೋಡಿದಳು. ನಗು ಹೋಯಿತು.

"ಯಾರ ಮಗು ಇದು?"

ಇಷ್ಟು ವರ್ಷ ಈ ಊರಿನಲ್ಲಿ ಇದ್ದೇನೆ, ಯಾರೂ ನನ್ನನ್ನು ಯಾವ ಬಾಗಿಲಲ್ಲೂ ತಡೆದಿರಲಿಲ್ಲ. ಉತ್ತರ ಗೊತ್ತಿದ್ದೂ ತಪ್ಪು ಮಾಡಿದವಳ ಹಾಗೆ ನಾಲಿಗೆ ತೊಡರಿತು. ಸೊಸೆ ಇಷ್ಟು ದಿನ ನಗುನಗುತ್ತ ಹೊತ್ತದ್ದು ಇದನ್ನೇ! ನನಗೆ ಅಳು ಬಂತು, ಅದರ ಬೆನ್ನಿಗೇ ಸಿಟ್ಟೂ ಬಂತು. ನನ್ನ ರಿಯಾಯಿತಿ ಮುಗಿದಿತ್ತು. ನನ್ನ ಮೊಮ್ಮಗಳು ತನ್ನ ಪುಟ್ಟ ಮುಖ ಎತ್ತಿ ಅದನ್ನು ಮುಗಿಸಿದ್ದಳು.

ಮಗುವನ್ನು ಹೆಗಲಿನಿಂದ ಇಳಿಸಿ ಅವಳಿಗೆ ಎದುರಾಗಿ ಹಿಡಿದುಕೊಂಡೆ.

"ಮಕ್ಕಳ ವಿಷಯದಲ್ಲಿ ಕೇಳಬೇಕಾದ್ದೇ," ಎಂದೆ. "ಕಳ್ಳತನವಾಗುವ ಮಕ್ಕಳಿದ್ದಾರೆ. ಆದರೆ ನನ್ನ ಮುಂದೆ ಹೋದ ಅಜ್ಜಿಯನ್ನು ಕೇಳಿದೆಯಾ?"

ಅವಳು ತಬ್ಬಿಬ್ಬಾದಳು. "ಅವರದು ನೋಡಿದರೆ ತಿಳಿಯುತ್ತದಲ್ಲ…"

"ಏನು ನೋಡಿದರೆ?"

ಹಿಂದಿನ ಸಾಲಿನಿಂದ ಯಾರೋ, ಹೇಳಿಬಿಡಿ ಅಮ್ಮ, ತಡವಾಗುತ್ತಿದೆ ಎಂದರು. ಸಿಬ್ಬಂದಿಯ ಹುಡುಗಿ ಮೇಲಿನವರಿಗಾಗಿ ಕೈ ಎತ್ತಿದಳು. ಈ ಸಲ ಯಾರ ಮುಖದಲ್ಲೂ ಹಟಮಾರಿ ಅಜ್ಜಿಯನ್ನು ರಮಿಸುವ ನಗು ಇರಲಿಲ್ಲ.

"ಆ ಅಜ್ಜಿಯನ್ನೂ ಕರೆದು ಕೇಳು," ಎಂದೆ. "ಆಮೇಲೆ ನಾನು ಹೇಳುತ್ತೇನೆ. ಈ ಮುಖವನ್ನು ಸರಿಯಾಗಿ ನೋಡಿಕೋ. ಇದು ಇನ್ನೂ ಎಷ್ಟೋ ಸಲ ಈ ಬಾಗಿಲಿಗೆ ಬರುತ್ತದೆ."

ಆಚೆ ದಾಟಿದ್ದ ಸೊಸೆ ಇದನ್ನೆಲ್ಲ ನೋಡಿದಳು. ಅವಳ ಕತ್ತಿನ ಚೀಲದಲ್ಲಿ ಮಗುವಿನ ಜನನ ಪತ್ರ ಇತ್ತೆಂದು ನನಗೆ ಗೊತ್ತು. ಅದನ್ನು ತೆಗೆದು ತೋರಿಸಿದರೆ ಒಂದೇ ನಿಮಿಷದಲ್ಲಿ ಎಲ್ಲ ಮುಗಿಯುತ್ತಿತ್ತು. ಅವಳು ಹಿಂದಕ್ಕೆ ಬಂದಳು, ಸ್ಟೀಲ್ ಮೇಜಿನ ಪಕ್ಕ ನನ್ನ ಹೆಗಲಿಗೆ ಹೆಗಲು ತಾಗಿಸಿ ನಿಂತಳು. ಕೈ ಒಮ್ಮೆ ಚೀಲದ ಜಿಪ್ಪಿಗೆ ಹೋಯಿತು, ಅಲ್ಲೇ ನಿಂತಿತು, ಕೆಳಗಿಳಿಯಿತು.

"ಟೈಮ್ ಅದರೀ ಅತ್ಯಾ," ಎಂದಳು.

ನಾನು ಮಗುವನ್ನು ಇನ್ನೊಂದು ಕಂಕುಳಿಗೆ ಬದಲಾಯಿಸಿಕೊಂಡು ನಿಂತೆ.